ಗೋ ಭಾಷೆಯ ಲಾಗರನ್ನು ನಮ್ಮದೇ ಲಾಗಿಂಗ್ ವ್ಯವಸ್ಥೆಗೆ ಜೋಡಿಸುವುದು

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ಪ್ರೋಗ್ರಾಮ್ ಓಡುವಾಗ ನಡೆದದ್ದನ್ನು ಸಾಲುಗಳಾಗಿ ದಾಖಲಿಸಲು ಇರುವ ‘ಲಾಗ್’ ಪ್ಯಾಕೇಜ್ ತೀರಾ ಚಿಕ್ಕದು. ಕೊಟ್ಟ ಸಂದೇಶದ ಮುಂದೆ ದಿನಾಂಕ, ಸಮಯ, ಬೇಕೆಂದರೆ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಸೇರಿಸಿ, ಕೊನೆಯಲ್ಲಿ ಹೊಸಸಾಲಿನ ಗುರುತು ಇಲ್ಲದಿದ್ದರೆ ಅದನ್ನೂ ಹಾಕಿ, ಒಂದು ರೈಟರಿಗೆ (ಬೈಟುಗಳನ್ನು ತೆಗೆದುಕೊಂಡು ಎಲ್ಲಿಗಾದರೂ ಬರೆಯುವ ಭಾಗಕ್ಕೆ) ಬರೆದುಬಿಡುವುದಷ್ಟೇ ಅದರ ಕೆಲಸ. ಡೀಬಗ್, ಇನ್ಫೋ, ವಾರ್ನ್, ಎರರ್ ಎಂಬ ಮಟ್ಟಗಳು ಅದಕ್ಕೆ ಗೊತ್ತಿಲ್ಲ. ಒಂದು ಸಂಖ್ಯೆಯನ್ನೋ ಹೆಸರನ್ನೋ ಸಂದೇಶದಿಂದ ಬೇರೆಯಾಗಿ, ತನ್ನದೇ ಕ್ಷೇತ್ರದಲ್ಲಿ ಇಡುವ ಅನುಕೂಲವೂ ಅದರಲ್ಲಿಲ್ಲ. ಸಣ್ಣ ಪ್ರೋಗ್ರಾಮಿಗೆ ಇಷ್ಟು ಧಾರಾಳವಾಗಿ ಸಾಕು.

ಮಂಗಳೂರಿನ ಧಕ್ಕೆಯಲ್ಲೂ ಮಲ್ಪೆ ಬಂದರಿನಲ್ಲೂ ಮೀನಿನ ಏಲಂ, ತೂಕ ಮತ್ತು ಐಸಿನ ಲೆಕ್ಕ ಇಡುವುದಕ್ಕೆ ಬಳಕೆಯಾಗುವ ಒಂದು ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಅಷ್ಟು ಸಾಕಾಗುವುದಿಲ್ಲ. ಯಾವ ಬೋಟಿನ ಯಾವ ರಸೀದಿ ಎಲ್ಲಿ ನಿಂತಿತು ಎಂದು ಕೇಳಿದವರಿಗೆ ತಕ್ಷಣ ಹೇಳಬೇಕಾದರೆ ಪ್ರತಿ ದಾಖಲೆಯೂ ಜೇಸನ್ ಎಂಬ, ಹೆಸರು ಮತ್ತು ಮೌಲ್ಯಗಳ ಜೋಡಿಗಳ ರೂಪದಲ್ಲಿ, ಮಟ್ಟ, ಸಮಯ, ಬೋಟಿನ ನೋಂದಣಿ ಸಂಖ್ಯೆ, ರಸೀದಿ ಸಂಖ್ಯೆ ಎಂದು ಬಿಡಿಬಿಡಿಯಾಗಿ ಇರಬೇಕು. ಅದಕ್ಕಾಗಿ ನಮ್ಮದೇ ಲಾಗಿಂಗ್ ವ್ಯವಸ್ಥೆ ಇದೆ, ನಾವು ಬರೆದ ಕೋಡ್ ಎಲ್ಲವೂ ಅದನ್ನೇ ಬಳಸುತ್ತದೆ. ನಾವು ಬರೆಯದ ಕೋಡ್ ಮಾತ್ರ ಅದನ್ನು ಬಳಸುವುದಿಲ್ಲ. ಎಚ್‌ಟಿಟಿಪಿ ಸರ್ವರ್, ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಯನ್ನು ಇನ್ನೊಂದು ಸರ್ವರಿಗೆ ದಾಟಿಸುವ ಭಾಗ) ಮತ್ತು ಹೊರಗಿನಿಂದ ತಂದ ಹಲವು ಲೈಬ್ರರಿಗಳು ತಮ್ಮ ತಕರಾರನ್ನು ಹಳೆಯ ‘ಲಾಗ್’ ಪ್ಯಾಕೇಜಿನ ಮೂಲಕವೇ ಹೇಳುತ್ತವೆ. ಅಚ್ಚುಕಟ್ಟಾದ ಜೇಸನ್ ಸಾಲುಗಳ ನಡುವೆ ಅವು ಬರಿಯ ಪಠ್ಯವಾಗಿ ಬಂದು ಬೀಳುತ್ತವೆ, ಹುಡುಕುವ ಸಾಧನಕ್ಕೆ ಅವು ಕಾಣಿಸುವುದೇ ಇಲ್ಲ. ತೊಂದರೆಯಾದ ಹೊತ್ತಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಎಷ್ಟೋ ಬಾರಿ ಈ ಸಾಲುಗಳನ್ನೇ.

ಇವನ್ನು ನಮ್ಮ ವ್ಯವಸ್ಥೆಯೊಳಗೆ ತರುವ ದಾರಿ ಒಂದೇ ಒಂದು, ಮತ್ತು ಅದು ಕಿರಿದಾದ ದಾರಿ. ಎಚ್‌ಟಿಟಿಪಿ ಸರ್ವರಿನಲ್ಲಿ ‘ಎರರ್‌ಲಾಗ್’ ಎಂಬ ಕ್ಷೇತ್ರವಿದೆ. ಅದು ಕೇಳುವುದು ಇಂಟರ್‌ಫೇಸನ್ನಲ್ಲ (ಬೇಕಾದ ಮೆಥಡುಗಳಿದ್ದರೆ ಯಾವುದನ್ನೂ ಒಪ್ಪುವ ಮಾದರಿಯನ್ನಲ್ಲ), ಸ್ಟ್ಯಾಂಡರ್ಡ್ ಲಾಗರ್ ಎಂಬ ಸ್ಟ್ರಕ್ಟಿನ ಪಾಯಿಂಟರನ್ನು. ಹಾಗಾಗಿ ಅದೇ ಹೆಸರಿನ ಮೆಥಡುಗಳುಳ್ಳ ನಮ್ಮ ಲಾಗರನ್ನು ಅಲ್ಲಿಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಆ ಕ್ಷೇತ್ರವನ್ನು ಖಾಲಿ ಬಿಟ್ಟರೆ ಸರ್ವರ್ ‘ಲಾಗ್’ ಪ್ಯಾಕೇಜಿನ ಸಾರ್ವತ್ರಿಕ ಲಾಗರಿಗೆ ಬರೆಯುತ್ತದೆ. ಆದರೆ ಹೊಸ ಲಾಗರ್ ಒಂದನ್ನು ಕಟ್ಟುವಾಗ ಅದು ಎಲ್ಲಿಗೆ ಬರೆಯಬೇಕು ಎಂದು ಒಂದು ರೈಟರನ್ನು ಕೊಡುತ್ತೇವಲ್ಲ, ಆ ರೈಟರ್ ಮಾತ್ರ ನಿಜವಾದ ಇಂಟರ್‌ಫೇಸ್, ಅದರಲ್ಲಿರುವುದು ‘ರೈಟ್’ ಎಂಬ ಒಂದೇ ಮೆಥಡ್. ನಮ್ಮ ಅಡಾಪ್ಟರ್ ಎಂದರೆ ಆ ಒಂದು ಮೆಥಡ್ ಉಳ್ಳ ಸಣ್ಣ ಸ್ಟ್ರಕ್ಟ್: ಬಂದ ಬೈಟುಗಳ ಕೊನೆಯ ಹೊಸಸಾಲನ್ನು ತೆಗೆದು, ಉಳಿದದ್ದನ್ನು ಸ್ಟ್ರಿಂಗ್ ಮಾಡಿ, ಮಟ್ಟ ಮತ್ತು ಸಮಯ ಸೇರಿಸಿ ನಮ್ಮ ವ್ಯವಸ್ಥೆಗೆ ಒಪ್ಪಿಸುವುದು. ನೋಡಲು ಹತ್ತು ಸಾಲಿನ ಕೋಡ್. ಆ ಹತ್ತು ಸಾಲುಗಳ ಒಂದೊಂದರ ಹಿಂದೆಯೂ ಒಂದು ಕರಾರಿದೆ, ಅದನ್ನು ಸರಿಯಾಗಿ ಓದಿಕೊಂಡು ಬರೆಯಬೇಕು.

ಮೊದಲನೆಯದು ಅನುಕೂಲಕರವಾದ ಕರಾರು. ಒಂದು ಲಾಗ್ ಕರೆಗೆ ರೈಟರಿನ ಮೇಲೆ ಒಂದೇ ಒಂದು ‘ರೈಟ್’ ಕರೆ ಎಂದು ‘ಲಾಗ್’ ಪ್ಯಾಕೇಜಿನ ದಸ್ತಾವೇಜು ಸ್ಪಷ್ಟವಾಗಿ ಮಾತು ಕೊಡುತ್ತದೆ. ಹಲವು ಗೋರೂಟೀನುಗಳು (ಪ್ರೋಗ್ರಾಮಿನೊಳಗೆ ಏಕಕಾಲದಲ್ಲಿ ಓಡುವ ಕೆಲಸಗಳು) ಒಟ್ಟಿಗೆ ಬರೆದರೂ ಅವು ಒಂದರ ನಂತರ ಒಂದಾಗಿಯೇ ಬರುತ್ತವೆ ಎಂದೂ ಹೇಳುತ್ತದೆ. ಆದ್ದರಿಂದ ಬೈಟುಗಳನ್ನು ಕೂಡಿಟ್ಟು, ಹೊಸಸಾಲು ಸಿಕ್ಕಲ್ಲೆಲ್ಲ ಕತ್ತರಿಸುವ ಅಗತ್ಯ ನಮಗಿಲ್ಲ, ಕತ್ತರಿಸಲೂಬಾರದು. ಸರ್ವರಿನ ಹ್ಯಾಂಡ್ಲರಿನಲ್ಲಿ (ಕೋರಿಕೆಗೆ ಉತ್ತರಿಸುವ ಕೋಡಿನಲ್ಲಿ) ಪ್ಯಾನಿಕ್ ಆದಾಗ, ಅಂದರೆ ಅದು ಹಠಾತ್ತನೆ ಮುರಿದುಬಿದ್ದಾಗ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಇಡೀ ಸ್ಟ್ಯಾಕ್ ಟ್ರೇಸ್ ಒಂದೇ ಸಂದೇಶವಾಗಿ ಬರುತ್ತದೆ. ಸಾಲು ಸಾಲಾಗಿ ಸೀಳುವ ಅಡಾಪ್ಟರಿನ ಕೈಗೆ ಅದು ಸಿಕ್ಕಿದರೆ ಒಂದು ಘಟನೆ ಹತ್ತಾರು ದಾಖಲೆಗಳಾಗಿ ಚೆದುರಿ, ನಡುವೆ ಬೇರೆಯವರ ಸಾಲುಗಳು ನುಸುಳಿ, ಮತ್ತೆ ಜೋಡಿಸುವುದೇ ಒಂದು ಕೆಲಸವಾಗುತ್ತದೆ. ಒಂದು ‘ರೈಟ್’ ಎಂದರೆ ಒಂದು ದಾಖಲೆ. ಒಳಗಿನ ಹೊಸಸಾಲುಗಳನ್ನು ಜೇಸನ್ ತಾನೇ ಗುರುತು ಹಾಕಿ ಉಳಿಸಿಕೊಳ್ಳುತ್ತದೆ.

ಉಳಿದ ಕರಾರುಗಳು ನಮ್ಮ ಮೇಲಿರುವ ಹೊಣೆಗಳು. ರೈಟರ್ ತನಗೆ ಕೊಟ್ಟ ಬೈಟುಗಳನ್ನು ಬದಲಿಸುವಂತಿಲ್ಲ. ಕರೆ ಮುಗಿದ ಮೇಲೆ ಆ ಬೈಟುಗಳ ಸ್ಲೈಸನ್ನು (ಲಾಗರಿನ ಬಫರಿನತ್ತ ಬೊಟ್ಟು ಮಾಡುವ ತುಣುಕನ್ನು) ಹಿಡಿದಿಟ್ಟುಕೊಳ್ಳುವಂತಿಲ್ಲ. ಕೊಟ್ಟದ್ದಕ್ಕಿಂತ ಕಡಿಮೆ ಬರೆದೆನೆಂದು ಹೇಳುವುದಾದರೆ ಜೊತೆಗೆ ದೋಷವನ್ನೂ ಹಿಂತಿರುಗಿಸಲೇಬೇಕು. ಎರಡನೆಯ ಮಾತನ್ನು ಮೀರಿದರೆ ಆಗುವುದು ವಿಚಿತ್ರವಾದದ್ದು. ‘ಲಾಗ್’ ಪ್ಯಾಕೇಜ್ ತನ್ನ ಬಫರನ್ನು ಮತ್ತೆ ಮತ್ತೆ ಬಳಸುತ್ತದೆ. ಆ ಸ್ಲೈಸನ್ನು ನಕಲು ಮಾಡದೆ ಹಾಗೆಯೇ ಒಂದು ಚಾನೆಲ್ಲಿಗೆ (ಗೋರೂಟೀನುಗಳ ನಡುವಿನ ಕೊಳವೆಗೆ) ತಳ್ಳಿದರೆ, ಇನ್ನೊಂದು ಬದಿಯಲ್ಲಿ ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ಒಳಗೆ ಮುಂದಿನ ಸಂದೇಶದ ಅರ್ಧ, ಹಿಂದಿನ ಸಂದೇಶದ ಬಾಲ ಇರುತ್ತದೆ. ಬೈಟ್ ಸ್ಲೈಸನ್ನು ಸ್ಟ್ರಿಂಗಿಗೆ ಪರಿವರ್ತಿಸಿದಾಗ ನಕಲು ತಾನಾಗಿಯೇ ಆಗುವುದರಿಂದ ಅಲ್ಲಿಗೆ ಚಿಂತೆ ತೀರುತ್ತದೆ. ಆ ನಕಲನ್ನು ಉಳಿಸಲು ಅಪಾಯದ ಉಪಾಯಗಳಿಗೆ ಕೈ ಹಾಕುವ ಅವಶ್ಯಕತೆ ಇಲ್ಲಿ ಖಂಡಿತ ಇಲ್ಲ.

ಮೂರನೆಯ ಮಾತು ಇನ್ನೂ ಸದ್ದಿಲ್ಲದೆ ಕೆಡಿಸುತ್ತದೆ. ಹೊಸಸಾಲನ್ನು ತೆಗೆದ ಮೇಲೆ ಉಳಿದ ಉದ್ದವನ್ನೇ ಹಿಂತಿರುಗಿಸುವುದು ಸಹಜವೆಂದು ತೋರುತ್ತದೆ. ಆದರೆ ಅದು ಬಂದದ್ದಕ್ಕಿಂತ ಒಂದು ಕಡಿಮೆ. ಲಾಗರ್ ಒಂದೇ ಇದ್ದಾಗ ಏನೂ ಆಗುವುದಿಲ್ಲ, ಏಕೆಂದರೆ ‘ಪ್ರಿಂಟ್’ ಕುಟುಂಬದ ಫಂಕ್ಷನ್‌ಗಳು ರೈಟರ್ ಹಿಂತಿರುಗಿಸಿದ ದೋಷವನ್ನು ನೋಡುವುದೇ ಇಲ್ಲ. ಯಾರಾದರೂ ಮುಂದೊಂದು ದಿನ ಅದೇ ಅಡಾಪ್ಟರನ್ನು, ಬಂದದ್ದನ್ನು ಹಲವು ರೈಟರುಗಳಿಗೆ ಒಂದೊಂದಾಗಿ ಬರೆಯುವ ‘ಮಲ್ಟಿರೈಟರ್’ ಒಳಗೆ ಸೇರಿಸಿ, ಅದರ ನಂತರ ಒಂದು ಫೈಲನ್ನೂ ಇಟ್ಟರೆ, ಮಲ್ಟಿರೈಟರ್ ಸಂಖ್ಯೆ ಹೊಂದುತ್ತಿಲ್ಲವೆಂದು ‘ಶಾರ್ಟ್ ರೈಟ್’ ದೋಷ ಹೇಳಿ ಅಲ್ಲಿಯೇ ನಿಂತುಬಿಡುತ್ತದೆ. ಫೈಲಿಗೆ ಒಂದು ಅಕ್ಷರವೂ ಹೋಗುವುದಿಲ್ಲ. ದೋಷವನ್ನು ಯಾರೂ ನೋಡದ ಕಾರಣ ಯಾರಿಗೂ ತಿಳಿಯುವುದೂ ಇಲ್ಲ. ಆದುದರಿಂದ ಬಂದ ಉದ್ದವನ್ನು ಮೊದಲೇ ಒಂದು ಕಡೆ ಬರೆದಿಟ್ಟುಕೊಂಡು ಅದನ್ನೇ ಹಿಂತಿರುಗಿಸಬೇಕು.

ಇನ್ನು ಮಟ್ಟದ ಪ್ರಶ್ನೆ. ನನಗೆ ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ: ಮಟ್ಟವನ್ನು ಸಂದೇಶದ ಮಾತುಗಳಿಂದ ಊಹಿಸಬಾರದು, ಲಾಗರನ್ನು ಯಾರ ಕೈಗೆ ಕೊಡುತ್ತೇವೋ ಆ ಜಾಗದಲ್ಲಿ ನಿರ್ಧರಿಸಬೇಕು. ಸಾಲಿನಲ್ಲಿ ‘ಎರರ್’ ಎಂಬ ಪದ ಕಂಡರೆ ಎರರ್ ಮಟ್ಟ, ‘ವಾರ್ನಿಂಗ್’ ಕಂಡರೆ ವಾರ್ನ್ ಮಟ್ಟ ಎಂದು ವಿಂಗಡಿಸುವ ಅಡಾಪ್ಟರುಗಳು ಬಳಕೆಯಲ್ಲಿವೆ. ಅವು ನಿಂತಿರುವುದು ಯಾರೂ ಮಾತು ಕೊಡದ ನೆಲದ ಮೇಲೆ. ಗೋ ಭಾಷೆಯ ಹೊಂದಾಣಿಕೆಯ ಭರವಸೆ ಫಂಕ್ಷನ್‌ಗಳ ಹೆಸರಿಗೂ ನಡವಳಿಕೆಗೂ ಇದೆ, ಲಾಗ್ ಸಾಲಿನ ಪದಗಳಿಗೆ ಇಲ್ಲ. ಮುಂದಿನ ಆವೃತ್ತಿಯಲ್ಲಿ ಒಂದು ಪದ ಬದಲಾದರೆ ನಮ್ಮ ವಿಂಗಡಣೆ ತಲೆಕೆಳಗಾಗುತ್ತದೆ. ಅದರ ಬದಲು ಅಡಾಪ್ಟರನ್ನು ಕಟ್ಟುವಾಗಲೇ ಮಟ್ಟವನ್ನೂ ಭಾಗದ ಹೆಸರನ್ನೂ ಅದರೊಳಗೆ ಇಟ್ಟುಬಿಡಬೇಕು. ಸರ್ವರಿಗೆ ಒಂದು, ಪ್ರಾಕ್ಸಿಗೆ ಇನ್ನೊಂದು, ಸಾರ್ವತ್ರಿಕ ಲಾಗರಿಗೆ ಮತ್ತೊಂದು. ಹಾಗೆ ಮಾಡಿದಾಗ ಪ್ರತಿ ಸಾಲೂ ತಾನು ಎಲ್ಲಿಂದ ಬಂದೆನೆಂದು ಹೇಳಿಕೊಳ್ಳುತ್ತದೆ, ಮಟ್ಟದ ಲೆಕ್ಕವೂ ಒಂದೇ ಕಡೆ ಕಣ್ಣಿಗೆ ಕಾಣುವಂತೆ ಇರುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಎಚ್‌ಟಿಟಿಪಿ ಸರ್ವರಿನದೇ. ಅದರ ಒಂದೇ ಎರರ್‌ಲಾಗಿಗೆ ತೀರಾ ಬೇರೆ ಬೇರೆ ತೂಕದ ಸಾಲುಗಳು ಬರುತ್ತವೆ. ಏಲಂ ನಡೆಯುವ ಹೊತ್ತಿನಲ್ಲಿ ಧಕ್ಕೆಯ ಜನಜಂಗುಳಿಯ ನಡುವೆ ಫೋನಿನ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಸುರಕ್ಷಿತ ಸಂಪರ್ಕ ಕಟ್ಟುವ ಮೊದಲ ಮಾತುಕತೆ (ಹ್ಯಾಂಡ್‌ಶೇಕ್) ಅರ್ಧದಲ್ಲಿ ಕಡಿದಾಗ ‘ಎಚ್‌ಟಿಟಿಪಿ: ಟಿಎಲ್‌ಎಸ್ ಹ್ಯಾಂಡ್‌ಶೇಕ್ ಎರರ್’ ಎಂದು ಶುರುವಾಗಿ, ಎದುರಿನ ವಿಳಾಸ ಹೇಳಿ, ‘ಇಓಎಫ್’ ಎಂದು ಮುಗಿಯುವ ಒಂದು ಸಾಲು ಬೀಳುತ್ತದೆ. ಇದರಲ್ಲಿ ಗಾಬರಿಪಡುವುದು ಏನೂ ಇಲ್ಲ, ಫೋನು ಮತ್ತೆ ಪ್ರಯತ್ನಿಸುತ್ತದೆ. ಅದೇ ಎರರ್‌ಲಾಗಿಗೆ ಹ್ಯಾಂಡ್ಲರಿನ ಪ್ಯಾನಿಕ್ ಕೂಡ ಬರುತ್ತದೆ, ಅದು ನಿಜವಾಗಿಯೂ ಎದ್ದು ನೋಡಬೇಕಾದದ್ದು. ಇವೆರಡಕ್ಕೂ ಒಂದೇ ಮಟ್ಟ ಕೊಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ನನ್ನ ಉತ್ತರ, ಪ್ಯಾನಿಕ್ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದು. ಎಲ್ಲ ಹ್ಯಾಂಡ್ಲರುಗಳ ಹೊರಗೆ ಅವನ್ನು ಸುತ್ತುವರಿದ ಒಂದು ಪದರ, ಅಂದರೆ ಮಿಡಲ್‌ವೇರ್ ಇಟ್ಟು, ಪ್ಯಾನಿಕ್ಕನ್ನು ಅಲ್ಲಿಯೇ ಹಿಡಿದು, ನಮ್ಮ ವ್ಯವಸ್ಥೆಗೆ ಎರರ್ ಮಟ್ಟದಲ್ಲಿ ನೇರವಾಗಿ ಬರೆಯಬೇಕು. ಆಗ ಬೋಟಿನ ಸಂಖ್ಯೆ, ರಸೀದಿಯ ಸಂಖ್ಯೆ ಕೂಡ ಕೈಯಲ್ಲೇ ಇರುತ್ತವೆ. ಸರ್ವರಿನ ಸಾಲಿನಲ್ಲಿ ಅವು ಎಂದೂ ಇರುವುದಿಲ್ಲ. ಒಂದು ಎಚ್ಚರಿಕೆ: ‘ಎರರ್ ಅಬಾರ್ಟ್ ಹ್ಯಾಂಡ್ಲರ್’ ಎಂಬ ವಿಶೇಷ ಮೌಲ್ಯದೊಂದಿಗೆ ಬಂದ ಪ್ಯಾನಿಕ್ಕನ್ನು ಮಾತ್ರ ಮುಂದಕ್ಕೆ ಬಿಡಬೇಕು, ಏಕೆಂದರೆ ಉತ್ತರವನ್ನು ಉದ್ದೇಶಪೂರ್ವಕವಾಗಿ ಅರ್ಧಕ್ಕೆ ನಿಲ್ಲಿಸಲು ಅದು ಇರುವುದು, ಸರ್ವರ್ ಅದನ್ನು ಲಾಗ್ ಮಾಡುವುದೂ ಇಲ್ಲ. ಹೀಗೆ ಪ್ಯಾನಿಕ್ ಬೇರೆ ದಾರಿ ಹಿಡಿದ ಮೇಲೆ ಎರರ್‌ಲಾಗಿನಲ್ಲಿ ಉಳಿಯುವ ಬಹುಪಾಲಿಗೆ ವಾರ್ನ್ ಮಟ್ಟ ಸರಿಯಾಗಿ ಒಪ್ಪುತ್ತದೆ. ಹ್ಯಾಂಡ್‌ಶೇಕಿನ ಸಾಲುಗಳು ಬಹಳವೆನಿಸಿದರೂ ಅವನ್ನು ಅಡಾಪ್ಟರಿನಲ್ಲಿ ಎಸೆಯುವುದು ಬೇಡ. ಸರ್ಟಿಫಿಕೇಟಿನ ಅವಧಿ ಮುಗಿದ ದಿನ ಅವುಗಳ ಸಂಖ್ಯೆ ಒಮ್ಮೆಲೇ ಏರುವುದೇ ನಮಗೆ ಸಿಗುವ ಮೊದಲ ಸೂಚನೆ. ಎಚ್ಚರಿಕೆ ಯಾವಾಗ ಬಾರಿಸಬೇಕು ಎಂಬುದನ್ನು ದಾಖಲೆಗಳನ್ನು ನೋಡುವ ಸಾಧನ ತೀರ್ಮಾನಿಸಲಿ.

‘ಫೇಟಲ್’ ಎಂಬ ಫಂಕ್ಷನ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸಂದೇಶವನ್ನು ಬರೆದ ಕೂಡಲೇ ಅದು ಪ್ರೋಗ್ರಾಮನ್ನು 1 ಎಂಬ ಸಂಕೇತದೊಂದಿಗೆ ನಿಲ್ಲಿಸುತ್ತದೆ, ಫಂಕ್ಷನ್ ಮುಗಿಯುವಾಗ ನಡೆಯಲಿ ಎಂದು ‘ಡಿಫರ್’ ಮಾಡಿಟ್ಟ ಯಾವ ಕೆಲಸವೂ ನಡೆಯುವುದಿಲ್ಲ. ನಮ್ಮ ವ್ಯವಸ್ಥೆಯಂತೆ ದಾಖಲೆಗಳನ್ನು ಒಂದು ಸರದಿಯಲ್ಲಿಟ್ಟು ಬೇರೊಂದು ಗೋರೂಟೀನಿನಿಂದ ನಿಧಾನವಾಗಿ ಕಳುಹಿಸುವ ಯಾವುದೇ ವ್ಯವಸ್ಥೆಯಲ್ಲಿ ಆ ಕೊನೆಯ ಸಾಲು ಸರದಿಯಲ್ಲಿಯೇ ಉಳಿದು ಹೋಗುತ್ತದೆ. ಸರ್ವರ್ ಏಕೆ ನಿಂತಿತು ಎಂದು ಹೇಳುವ ಒಂದೇ ಸಾಲು ಅದು. ‘ರೈಟ್’ ಮೆಥಡಿಗೆ ಬರುವುದು ಬರಿಯ ಬೈಟುಗಳಾದ್ದರಿಂದ ಇದು ಪ್ರಿಂಟ್ ಕರೆಯೋ ಫೇಟಲ್ ಕರೆಯೋ ಎಂದು ಅಡಾಪ್ಟರಿಗೆ ತಿಳಿಯುವ ದಾರಿಯಿಲ್ಲ. ಆದಕಾರಣ ಸ್ಟ್ಯಾಂಡರ್ಡ್ ಲಾಗರಿನಿಂದ ಬಂದ ಪ್ರತಿ ಸಾಲನ್ನೂ ಸರದಿಗೆ ಹಾಕದೆ, ಸ್ಥಳೀಯ ಫೈಲಿಗೆ ಅಲ್ಲಿಯೇ ಬರೆದು ಮುಗಿಸಿ ಆಮೇಲೆ ಹಿಂತಿರುಗುವುದು ಲೇಸು. ಬರೆಯುವಷ್ಟು ಹೊತ್ತು ಲಾಗರ್ ತನ್ನ ಮ್ಯೂಟೆಕ್ಸನ್ನು (ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗವನ್ನು) ಹಿಡಿದೇ ಇರುತ್ತದೆ, ಅದೇ ಲಾಗರಿಗೆ ಬರೆಯಬೇಕಾದ ಉಳಿದವರೆಲ್ಲ ಕಾಯುತ್ತಾರೆ ಎಂಬುದು ನಿಜ. ಆದರೆ ಈ ದಾರಿಯಲ್ಲಿ ಬರುವ ಸಾಲುಗಳು ನಮ್ಮ ಸ್ವಂತ ದಾಖಲೆಗಳಿಗೆ ಹೋಲಿಸಿದರೆ ಬಹಳ ಕಡಿಮೆ, ಸ್ಥಳೀಯ ಫೈಲಿಗೆ ಬರೆಯುವುದು ವೇಗದ ಕೆಲಸ. ನೆಟ್‌ವರ್ಕ್ ಮೂಲಕ ಕಳುಹಿಸುವುದನ್ನು ಮಾತ್ರ ಆ ಬೀಗದೊಳಗೆ ಎಂದೂ ಮಾಡಬಾರದು.

ಅದೇ ಮ್ಯೂಟೆಕ್ಸ್ ಇನ್ನೊಂದು ಕಡೆಯಿಂದಲೂ ಕಾಡಬಲ್ಲದು. ನಮ್ಮ ವ್ಯವಸ್ಥೆಗೂ ತೊಂದರೆಗಳಿರುತ್ತವೆ: ಡಿಸ್ಕ್ ತುಂಬುತ್ತದೆ, ಎದುರಿನ ಸೇವೆ ಸಿಗುವುದಿಲ್ಲ. ಆಗ ಅದು ತನ್ನ ಅಳಲನ್ನು ಸಾರ್ವತ್ರಿಕ ‘ಲಾಗ್’ ಫಂಕ್ಷನ್ ಮೂಲಕವೇ ಹೇಳಿಕೊಂಡರೆ, ಮತ್ತು ಆ ಸಾರ್ವತ್ರಿಕ ಲಾಗರನ್ನು ನಾವು ಇದೇ ವ್ಯವಸ್ಥೆಗೆ ತಿರುಗಿಸಿದ್ದರೆ, ‘ರೈಟ್’ ಒಳಗಿನಿಂದಲೇ ಮತ್ತೆ ಲಾಗ್ ಕರೆ ಆಗುತ್ತದೆ. ಗೋ ಭಾಷೆಯ ಮ್ಯೂಟೆಕ್ಸನ್ನು ಹಿಡಿದವರೇ ಮತ್ತೊಮ್ಮೆ ಹಿಡಿಯಲು ಬರುವುದಿಲ್ಲ. ಆ ಗೋರೂಟೀನ್ ಅಲ್ಲಿಯೇ ಶಾಶ್ವತವಾಗಿ ನಿಲ್ಲುತ್ತದೆ, ಅದರ ಹಿಂದೆ ಲಾಗ್ ಮಾಡಲು ಬಂದವರೆಲ್ಲ ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ಸರದಿ ಇರುವ ವ್ಯವಸ್ಥೆಯಾದರೆ ನಿಲ್ಲುವ ಬದಲು, ಒಂದು ದೋಷ ಇನ್ನೊಂದು ದೋಷವನ್ನು ಹುಟ್ಟಿಸುತ್ತ ಕೊನೆಯಿಲ್ಲದೆ ಸುತ್ತುತ್ತದೆ. ಲಾಗಿಂಗ್ ವ್ಯವಸ್ಥೆ ತನ್ನ ಸ್ವಂತ ದೂರನ್ನು ಸ್ಟ್ಯಾಂಡರ್ಡ್ ಎರರ್ ಎಂಬ ಹೊರದಾರಿಗೆ ನೇರವಾಗಿ ಬರೆಯಬೇಕು, ಅದು ಬಳಸುವ ಹೊರಗಿನ ಲೈಬ್ರರಿಗಳೂ ಹಾಗೆಯೇ ಮಾಡುತ್ತವೆಯೇ ಎಂದು ಒಮ್ಮೆ ತೆರೆದು ನೋಡಬೇಕು.

ಸಮಯದ ವಿಷಯ ಸರಳ. ಅಡಾಪ್ಟರ್ ಜೋಡಿಸಿದ ಲಾಗರಿನ ಫ್ಲ್ಯಾಗುಗಳನ್ನು ಸೊನ್ನೆ ಮಾಡಿ, ಸಮಯವನ್ನು ನಮ್ಮ ವ್ಯವಸ್ಥೆಯೇ ಹಾಕಲಿ. ಇಲ್ಲವಾದರೆ ಒಂದೇ ದಾಖಲೆಯಲ್ಲಿ ಎರಡು ಸಮಯಗಳು ಕೂರುತ್ತವೆ, ಅವೆರಡೂ ಒಂದೇ ಆಗಿರುವುದಿಲ್ಲ. ‘ಲಾಗ್’ ಪ್ಯಾಕೇಜ್ ಯಂತ್ರದ ಸ್ಥಳೀಯ ಸಮಯವನ್ನು ಬರೆಯುತ್ತದೆ, ಕಂಟೇನರಿನೊಳಗೆ (ಸರ್ವರ್ ಓಡುವ ಪ್ರತ್ಯೇಕ ಪೆಟ್ಟಿಗೆಯಂಥ ಪರಿಸರದಲ್ಲಿ) ಆ ಸ್ಥಳೀಯ ಸಮಯ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ‘ಬೆಳಿಗ್ಗೆ ಐದು ಗಂಟೆಗೆ ಸ್ಲಿಪ್ ಬರ್ಲೇ ಇಲ್ಲ ಮಾರಾಯ್ರೆ’ ಎಂದು ಮಲ್ಪೆಯಿಂದ ಫೋನು ಬಂದಾಗ ಹುಡುಕಬೇಕಾದ ಸಾಲು ಹಿಂದಿನ ದಿನಾಂಕದ 23:30ರಲ್ಲಿ ಇರುತ್ತದೆ. ಏಲಂ ನಡೆಯುವುದೇ ಬೆಳಗಿನ ಜಾವದಲ್ಲಾದ್ದರಿಂದ ಈ ದಿನಾಂಕದ ಗಡಿ ನಮಗೆ ದಿನವೂ ಎದುರಾಗುತ್ತದೆ. ದಾಖಲೆಯನ್ನು ಯುಟಿಸಿಯಲ್ಲೇ ಇಟ್ಟು, ವಲಯದ ಗುರುತನ್ನು ಜೊತೆಗೆ ಬರೆದು, ತೋರಿಸುವಾಗ ಮಾತ್ರ ಭಾರತೀಯ ಸಮಯಕ್ಕೆ ತಿರುಗಿಸುವುದು ಸರಿ.

ಕನ್ನಡದಲ್ಲಿ ಸಂದೇಶ ಬರೆಯುವವರು ಗಮನಿಸಬೇಕಾದ ಒಂದು ಸಂಗತಿಯಿದೆ, ಇದನ್ನು ಬೇರೆಡೆ ಯಾರೂ ಅಷ್ಟಾಗಿ ಚರ್ಚಿಸುವುದಿಲ್ಲ. ಹಲವು ಲಾಗಿಂಗ್ ವ್ಯವಸ್ಥೆಗಳು ಸಂದೇಶದ ಉದ್ದಕ್ಕೆ ಬೈಟುಗಳಲ್ಲಿ ಮಿತಿ ಹಾಕಿರುತ್ತವೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟು ಬೇಕು, ಅನುಸ್ವಾರಕ್ಕೂ ಗುಣಿತದ ಚಿಹ್ನೆಗೂ ಪ್ರತ್ಯೇಕ ಸಂಕೇತ. ‘ಬಂಗುಡೆ’ ಎಂಬುದು ಕಣ್ಣಿಗೆ ಮೂರಕ್ಷರ. ಒಳಗೆ ಬ, ಅನುಸ್ವಾರ, ಗ, ಉಕಾರ, ಡ, ಎಕಾರ ಎಂದು ಆರು ಸಂಕೇತ, ಹದಿನೆಂಟು ಬೈಟು. ಬೋಟುಗಳ ಹೆಸರು, ಮೀನಿನ ಹೆಸರು, ಐಸ್ ಪ್ಲಾಂಟಿನ ಹೆಸರು ಸೇರಿದ ಸಂದೇಶ ಇಂಗ್ಲಿಷಿನದ್ದಕ್ಕಿಂತ ಎಷ್ಟೋ ಬೇಗ ಮಿತಿಯನ್ನು ಮುಟ್ಟುತ್ತದೆ. ಮಿತಿಯ ಬೈಟಿನಲ್ಲಿ ಕಣ್ಣುಮುಚ್ಚಿ ಕತ್ತರಿಸಿದರೆ ಸಂಕೇತದ ನಡುವೆಯೇ ಕತ್ತರಿ ಬಿದ್ದು, ಜೇಸನ್ ಎನ್‌ಕೋಡರ್ ಆ ಮುರುಕು ಬೈಟುಗಳ ಜಾಗದಲ್ಲಿ ಬದಲಿ ಗುರುತನ್ನು ಹಾಕುತ್ತದೆ. ಕತ್ತರಿಸುವ ಜಾಗದಿಂದ ಹಿಂದಕ್ಕೆ ಬರುತ್ತ, ಸಂಕೇತವೊಂದರ ಮೊದಲ ಬೈಟು ಸಿಗುವವರೆಗೆ ಸರಿದರೆ ಸಾಕು. ಹಾಗೆ ಗುರುತಿಸಲು ‘ಯುಟಿಎಫ್8’ ಪ್ಯಾಕೇಜಿನಲ್ಲಿ ‘ರೂನ್‌ಸ್ಟಾರ್ಟ್’ ಎಂಬ ಫಂಕ್ಷನ್ ಇದೆ. ಒತ್ತಕ್ಷರದ ನಡುವೆ ಕತ್ತರಿ ಬೀಳುವುದನ್ನು ಇದು ತಡೆಯುವುದಿಲ್ಲ, ಕೊನೆಯಲ್ಲಿ ಒಂದು ಹಲಂತ ಒಂಟಿಯಾಗಿ ಉಳಿಯಬಹುದು. ಆದರೂ ದಾಖಲೆ ಸಿಂಧುವಾಗಿರುತ್ತದೆ, ಹುಡುಕಿದರೆ ಸಿಗುತ್ತದೆ.

ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಬೇಕೇ ಎಂಬುದು ಎಲ್ಲಿಂದ ಬರುವ ಸಾಲು ಎಂಬುದರ ಮೇಲೆ ನಿಂತಿದೆ. ಎಚ್‌ಟಿಟಿಪಿ ಸರ್ವರಿನ ಸಾಲುಗಳಲ್ಲಿ ಅದು ಸ್ಟ್ಯಾಂಡರ್ಡ್ ಲೈಬ್ರರಿಯ ಒಳಗಿನ ಫೈಲನ್ನೇ ತೋರಿಸುವುದರಿಂದ ಹೆಚ್ಚಿನ ಉಪಯೋಗವಿಲ್ಲ. ಸಾರ್ವತ್ರಿಕ ಲಾಗರಿಗೆ ಬರೆಯುವ ಹಳೆಯ ಕೋಡಿಗೆ ಅದು ಬಹಳ ಬೇಕು. ಸ್ಟ್ಯಾಕಿನಲ್ಲಿ ಇಂತಿಷ್ಟು ಮೆಟ್ಟಿಲು ಮೇಲೆ ಹೋಗಿ ಕರೆದವರನ್ನು ಹುಡುಕುವ ಉಪಾಯ ಲೈಬ್ರರಿಯ ಒಳರಚನೆಯನ್ನು ನಂಬಿರುತ್ತದೆ. ಅದರ ಬದಲು ಆ ಲಾಗರಿಗೆ ಸೊನ್ನೆಯ ಜಾಗದಲ್ಲಿ ‘ಲಾಂಗ್‌ಫೈಲ್’ ಫ್ಲ್ಯಾಗನ್ನು ಮಾತ್ರ ಹಾಕಿ, ಸಾಲಿನ ಮೊದಲಿಗೆ ಬರುವ ಹೆಸರು ಮತ್ತು ಸಂಖ್ಯೆಯನ್ನು ಅಡಾಪ್ಟರಿನಲ್ಲಿ ಬಿಡಿಸಿಕೊಳ್ಳುವುದು ನನಗೆ ಇಷ್ಟ, ಏಕೆಂದರೆ ಆ ರೂಪ ದಸ್ತಾವೇಜಿನಲ್ಲೇ ಹೇಳಿರುವಂಥದ್ದು. ಪ್ರತಿ ಸಾಲಿಗೂ ಸೇರುವ ಪೂರ್ವಪದವನ್ನೂ (ಪ್ರಿಫಿಕ್ಸ್) ಬಳಸುವವರು 1.14ನೆಯ ಆವೃತ್ತಿಯಲ್ಲಿ ಬಂದ ‘ಎಂಎಸ್‌ಜಿಪ್ರಿಫಿಕ್ಸ್’ ಫ್ಲ್ಯಾಗನ್ನೂ ಸೇರಿಸಬೇಕು. ಇಲ್ಲದಿದ್ದರೆ ಪೂರ್ವಪದ ಸಾಲಿನ ಆರಂಭಕ್ಕೆ ಬಂದು ಬಿಡಿಸುವ ಲೆಕ್ಕ ತಪ್ಪುತ್ತದೆ.

2023ರ ಆಗಸ್ಟಿನಲ್ಲಿ ಬಂದ 1.21ನೆಯ ಆವೃತ್ತಿಯಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ‘ಎಸ್‌ಲಾಗ್’ ಎಂಬ ಪ್ಯಾಕೇಜ್ ಇದೆ, ಮಟ್ಟಗಳೂ ಕ್ಷೇತ್ರಗಳೂ ಅದರಲ್ಲಿವೆ. ಇಂದು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು, ನಿಮ್ಮ ವ್ಯವಸ್ಥೆಯನ್ನು ಎಸ್‌ಲಾಗಿನ ‘ಹ್ಯಾಂಡ್ಲರ್’ (ಎಚ್‌ಟಿಟಿಪಿ ಹ್ಯಾಂಡ್ಲರ್ ಅಲ್ಲ, ಲಾಗ್ ದಾಖಲೆಗಳನ್ನು ಸ್ವೀಕರಿಸುವ ಭಾಗ) ಇಂಟರ್‌ಫೇಸಿಗೆ ಹೊಂದುವಂತೆ ಬರೆಯಿರಿ ಎಂದು. ಆಗ ‘ನ್ಯೂ ಲಾಗ್ ಲಾಗರ್’ ಎಂಬ ಫಂಕ್ಷನಿಗೆ ಹ್ಯಾಂಡ್ಲರನ್ನೂ ಮಟ್ಟವನ್ನೂ ಕೊಟ್ಟರೆ ಸ್ಟ್ಯಾಂಡರ್ಡ್ ಲಾಗರ್ ಸಿದ್ಧವಾಗಿ ಕೈಗೆ ಬರುತ್ತದೆ, ಅದನ್ನು ನೇರವಾಗಿ ಎರರ್‌ಲಾಗಿನಲ್ಲಿ ಇಡಬಹುದು. ಮಟ್ಟವನ್ನು ಕೊಡುವ ಜಾಗದಲ್ಲೇ ನಿರ್ಧರಿಸುವ ಕ್ರಮವನ್ನೇ ಅದೂ ಅನುಸರಿಸಿರುವುದು ನನಗೆ ಸಮಾಧಾನ ತಂದ ಸಂಗತಿ. ‘ಸೆಟ್ ಡಿಫಾಲ್ಟ್’ ಕರೆದರೆ ಸಾರ್ವತ್ರಿಕ ಲಾಗರ್ ಕೂಡ ತಾನಾಗಿಯೇ ಅತ್ತ ತಿರುಗುತ್ತದೆ, ಆದರೆ ಎಲ್ಲ ಸಾಲುಗಳೂ ಇನ್ಫೋ ಮಟ್ಟದಲ್ಲಿ ಬರುತ್ತವೆ. ಅದನ್ನು ಬದಲಿಸುವ ಅವಕಾಶ 1.22ರಲ್ಲಿ ಸೇರಿತು. ಫೇಟಲ್ ಮತ್ತು ಸರದಿಯ ತೊಡಕು, ತನ್ನೊಳಗೇ ಸುತ್ತುವ ಕರೆಯ ತೊಡಕು ಇಲ್ಲಿಯೂ ಹಾಗೆಯೇ ಇವೆ, ಏಕೆಂದರೆ ಅವು ಹುಟ್ಟುವುದು ಅಡಾಪ್ಟರ್ ಎಂಬ ಸೇತುವೆಯಲ್ಲಿ ಅಲ್ಲ, ಅದು ಜೋಡಿಸುವ ಎರಡು ದಡಗಳಲ್ಲಿ.

ಪರೀಕ್ಷೆಗಳನ್ನು ಅಡಾಪ್ಟರಿನ ಜೊತೆಗೇ ಬರೆಯಬೇಕು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯದ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಸರ್ವರಿಗೆ ಕೆಲಸ ಕಡಿಮೆ, ಇಂಥ ಬದಲಾವಣೆಗೆ ಅದೇ ತಕ್ಕ ಕಾಲ. ಆದರೆ ನಿಜವಾದ ಸಾಲುಗಳು ಬೀಳುವುದು ಆಗಸ್ಟಿನಲ್ಲಿ ಧಕ್ಕೆ ತುಂಬಿದ ಮೇಲೆ. ಆ ಅಂತರವನ್ನು ತುಂಬಲು ಪರೀಕ್ಷೆಗಳೇ ಬೇಕು. ಒಂದು ಉದ್ದದ ಸಾಲು, ಅದರ ಹಿಂದೆಯೇ ಒಂದು ಚಿಕ್ಕ ಸಾಲು ಬರೆದು ಮೊದಲನೆಯದು ಕೆಡದೆ ಉಳಿದಿದೆಯೇ ಎಂದು ನೋಡುವುದು, ಸ್ಲೈಸನ್ನು ಹಿಡಿದಿಟ್ಟುಕೊಂಡ ತಪ್ಪನ್ನು ತೋರಿಸುತ್ತದೆ. ಒಂದೇ ನೆನಪಿನ ಜಾಗವನ್ನು ಇಬ್ಬರು ಒಟ್ಟಿಗೆ ಮುಟ್ಟುವುದನ್ನು ಹಿಡಿಯುವ ರೇಸ್ ಡಿಟೆಕ್ಟರ್ ಹಾಕಿ ಓಡಿಸಿದರೆ ಇನ್ನೂ ಒಳ್ಳೆಯದು. ಮಲ್ಟಿರೈಟರಿನಲ್ಲಿ ಅಡಾಪ್ಟರನ್ನು ಮೊದಲಿಗೂ ಒಂದು ಬಫರನ್ನು ಎರಡನೆಯದಾಗಿಯೂ ಇಟ್ಟು, ಬಫರಿಗೆ ಸಾಲು ತಲುಪಿದೆಯೇ ಎಂದು ನೋಡುವುದು ಉದ್ದದ ಕರಾರನ್ನು ಕಾಯುತ್ತದೆ. ಹ್ಯಾಂಡ್‌ಶೇಕಿನ ಸಾಲಿಗಾಗಿ ‘ಎಚ್‌ಟಿಟಿಪಿಟೆಸ್ಟ್’ ಪ್ಯಾಕೇಜಿನಿಂದ ಒಂದು ಟಿಎಲ್‌ಎಸ್ ಸರ್ವರನ್ನು ಎಬ್ಬಿಸಿ, ಅದರ ಎರರ್‌ಲಾಗಿನಲ್ಲಿ ನಮ್ಮ ಲಾಗರನ್ನಿಟ್ಟು, ಬರಿಯ ಟಿಸಿಪಿ ಸಂಪರ್ಕ ಮಾಡಿ ಏನನ್ನೂ ಕಳುಹಿಸದೆ ಮುಚ್ಚಿಬಿಟ್ಟರೆ ಸಾಕು. ವಾರ್ನ್ ಮಟ್ಟದಲ್ಲಿ, ಸರ್ವರ್ ಎಂಬ ಭಾಗದ ಹೆಸರಿನೊಂದಿಗೆ, ಒಂದೇ ಒಂದು ದಾಖಲೆ ಬಂದಿರಬೇಕು. ಸಂದೇಶದ ಪದಗಳನ್ನು ಆ ಪರೀಕ್ಷೆಯಲ್ಲಿ ಹೋಲಿಸಿ ನೋಡುವ ಅಗತ್ಯವಿಲ್ಲ.